ಸುಣ್ಣದ ಓಣಿಯ ಪಂಪು

ನಮ್ಮ ಊರಿನಲ್ಲಿ ಬಡತನ ನಿವಾರಣೆಯ ಯೋಜನೆಯ ದುಡ್ಡಿನಿಂದ ಆದ ವಸ್ತು ಯಾವುದೇ ಇರಲಿ, ಅದು ಗುನುಗುತ್ತದೆ. ಹಳ್ಳದ ಸೇತುವೆ ದಪ್ಪ ದನಿಯಲ್ಲಿ, ಶಾಲೆಯ ಬೆಂಚು ಸಣ್ಣ ದನಿಯಲ್ಲಿ, ನೀರಿನ ಟ್ಯಾಂಕು ಉಂಡು ಮಲಗಿದ ಮುದುಕನ ಹಾಗೆ. ಹೊರಗಿನಿಂದ ಬಂದವರು ಮೊದಲ ದಿನ ಕಿವಿಯಲ್ಲಿ ಬೆರಳಿಟ್ಟು ತಿರುವಿಕೊಳ್ಳುತ್ತಾರೆ. ನಮಗೆ ಅದೇನೂ ಅನ್ನಿಸುವುದಿಲ್ಲ. ಯೋಜನೆಯ ದೀಪದ ಕಂಬಕ್ಕೆ ಒರಗಿ ಕೂತರೆ ಬೆನ್ನುನೋವು ಹೋಗುತ್ತದೆಂದು ಮುದುಕರು ಅಲ್ಲೇ ಜಾಗಕ್ಕೆ ಜಗಳಾಡುತ್ತಾರೆ. ಹಟ ಮಾಡುವ ಕೂಸನ್ನು ತಾಯಂದಿರು ಅಂಗನವಾಡಿಯ ಕಪಾಟಿನ ಪಕ್ಕ ಮಲಗಿಸುತ್ತಾರೆ. ರೇಷನ್ ಅಕ್ಕಿಯೂ ಗುನುಗುತ್ತದೆ, ಆದರೆ ಕುದಿ ಬಂದ ಕೂಡಲೇ ಸುಮ್ಮನಾಗುತ್ತದೆ. ಅದೊಂದು ಪುಣ್ಯ. ಇಲ್ಲದಿದ್ದರೆ ಊಟವಾದ ಮೇಲೆ ಇಡೀ ಊರೇ ಜೇನುಗೂಡಾಗಿ, ಗಂಡ ಹೆಂಡತಿ ಒಂದು ಗುಟ್ಟಿನ ಮಾತನ್ನೂ ಆಡಲಾಗುತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ನಮ್ಮಲ್ಲಿ ಆಲಿಕೆ ನಡೆಯುತ್ತದೆ. ಯೋಜನೆಯ ದುಡ್ಡು ಎಲ್ಲಿ ಹೋಯಿತು, ಕೆಲಸ ಎಲ್ಲಿಗೆ ಬಂತು ಎಂದು ನೋಡಲು ರಾಜಧಾನಿಯಿಂದ ಸಾಹೇಬರು ಬರುತ್ತಾರೆ. ಕಾಗದದಲ್ಲಿ ಎಲ್ಲ ಕೆಲಸಗಳೂ ಯಾವಾಗಲೂ ಮುಗಿದೇ ಇರುತ್ತವಾದ್ದರಿಂದ ಅವರು ಕಾಗದವನ್ನು ನಂಬುವುದಿಲ್ಲ, ಕಿವಿಯನ್ನು ನಂಬುತ್ತಾರೆ. ಅದೂ ತಮ್ಮ ಕಿವಿಯನ್ನಲ್ಲ, ನಮ್ಮ ಕಿವಿಯನ್ನು. ಒಂದೊಂದು ಓಣಿಯಿಂದ ಒಬ್ಬೊಬ್ಬ ಹೆಂಗಸನ್ನು ಆಲಿಸಲು ಆರಿಸಿ, ಚೀಟಿ ಎತ್ತಿಸಿ, ಅವಳದ್ದಲ್ಲದ ಓಣಿಗೆ ಕಳಿಸುತ್ತಾರೆ. ಅವತ್ತು ಊರಲ್ಲಿ ಯಾರೂ ಮಾತಾಡಬಾರದು. ಎತ್ತಿನ ಕೊರಳಗಂಟೆಗೆ ಅರಿವೆ ತುರುಕುತ್ತೇವೆ, ಕೋಳಿಗಳ ಮೇಲೆ ಬುಟ್ಟಿ ಮುಚ್ಚುತ್ತೇವೆ, ನಾಯಿಗಳನ್ನು ಕಲ್ಲಿನ ಕ್ವಾರಿಗೆ ಹೊಡೆದುಕೊಂಡು ಹೋಗುತ್ತೇವೆ, ಕೆಮ್ಮು ಇರುವವರನ್ನು ಪಕ್ಕದೂರಿನ ನೆಂಟರ ಮನೆಗೆ ಅಟ್ಟುತ್ತೇವೆ. ಉಳಿದವರೆಲ್ಲ ತಮ್ಮ ತಮ್ಮ ಮನೆಯಲ್ಲೇ ಕೂತಿರಬೇಕು. ಗುನುಗುವ ವಸ್ತು ಇರಬಾರದ ಕಡೆ ಸಿಕ್ಕರೆ, ಅವತ್ತೇ ಅದು ಸೇರಬೇಕಾದ ಜಾಗಕ್ಕೆ ಸೇರಬೇಕು. ಇಷ್ಟೇ ನಿಯಮ. ಕದ್ದವನ ಮೇಲೆ ನಮ್ಮ ನಿಯಮಕ್ಕೆ ಅಂಥ ಸಿಟ್ಟೇನಿಲ್ಲ, ಅದರ ಕಣ್ಣು ವಸ್ತುವಿನ ಮೇಲೆ ಮಾತ್ರ.

ನಾನು ಇಂದುಮತಿ. ಊರಿನವರಿಗೆ ಇಂದಕ್ಕ. ನಮ್ಮ ಅಗಸಿ ಓಣಿಯಿಂದ ಆಲಿಸುವವಳು ಹಲವು ವರ್ಷ ನಾನೇ. ಪಂಚಾಯಿತಿಯ ಮಾಜಿ ಸದಸ್ಯ ರಾಚಪ್ಪನ ಬಾಯೊಳಗೆ ಶಾಲೆಯ ಕಿಟಕಿಯ ದುಡ್ಡು ಗುನುಗುತ್ತಿದ್ದುದನ್ನು ಹಿಡಿದವಳೂ ನಾನೇ. ಪಾಪ, ಬಾಯಿ ಬಿಗಿಯಾಗಿ ಮುಚ್ಚಿಕೊಂಡೇ ಕೂತಿದ್ದ. ಕಮ್ಮಾರನ ಇಕ್ಕಳದಿಂದ ಆ ದುಡ್ಡಿನ ಚಿನ್ನದ ಹಲ್ಲು ಕಿತ್ತು, ಶಾಲೆಯ ಕಿಟಕಿಯ ಚೌಕಟ್ಟಿಗೆ ಬಡಿದರು. ರಾಚಪ್ಪನ ಮಾತು ಅಂದಿನಿಂದ ಸೋರುತ್ತದೆ. ಊರೆಲ್ಲ ನಕ್ಕಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನನ್ನ ಮಗಳು ತುಳಸಾ ಹುಟ್ಟುವಾಗಲೇ ಎದೆ ಸರಿಯಿಲ್ಲದ ಕೂಸು. ನಾಲ್ಕು ಹೆಜ್ಜೆ ಓಡಿದರೆ ತುಟಿ ನೇರಳೆ ಹಣ್ಣು ತಿಂದವರ ಹಾಗೆ ನೀಲಿಯಾಗುತ್ತಿತ್ತು. ಶಾಲೆಗೆ ಹೋಗುವ ವಯಸ್ಸಿಗೆ ಬಂದ ಮೇಲೆ ನನ್ನ ಗಂಡ ಅಡಿವೆಪ್ಪ ಅವಳನ್ನು ರಾಜಧಾನಿಗೆ ಕರೆದುಕೊಂಡು ಹೋಗಿ ಎದೆಯಲ್ಲಿ ಒಂದು ಸಣ್ಣ ಕವಾಟ ಹಾಕಿಸಿಕೊಂಡು ಬಂದ. ಹೊಲದಲ್ಲಿ ತನ್ನ ಪಾಲು ಮಾರಿದೆ ಎಂದು ಹೇಳಿದ್ದ. ನಾನು ನಂಬಿದ್ದೆ. ಅಡಿವೆಪ್ಪ ಯೋಜನೆಯ ಉಗ್ರಾಣದ ಗುಮಾಸ್ತ. ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋಗುವ, ಕಟ್ಟಿಗೆ ಒಡೆಯುವಾಗ ಕಟ್ಟಿಗೆಗೇ ನೋವಾದೀತೆಂದು ಮುಖ ಹಿಂಡುವ ಮನುಷ್ಯ. ಅವನು ಸುಳ್ಳು ಹೇಳಿಯಾನು ಎಂದು ಯಾರಿಗೆ ಹೊಳೆದೀತು?

ಬಂದ ದಿನ ಮಗಳ ತುಟಿ ಕೆಂಪಗಿತ್ತು. ನಾನು ಅವಳನ್ನು ಅಪ್ಪಿ ಎದೆಗೆ ಕಿವಿ ಇಟ್ಟೆ. ಒಳಗೆ ಗುಂಯ್ ಎನ್ನುತ್ತಿತ್ತು. ಗುಂಯ್ ಎಂದು ಒಂದು ಎಳೆತ, ನಡುವೆ ಒಂದು ಸಣ್ಣ ಕುಟುಕು, ಮತ್ತೆ ಗುಂಯ್. ಇಂಥ ದನಿಯನ್ನು ನಾನು ಬೇರೆ ಓಣಿಗಳಲ್ಲಿ ಎಷ್ಟೋ ಸಲ ಕೇಳಿ ಸರಿ ಎಂದು ತಲೆಯಾಡಿಸಿದ್ದೆ. ಅದು ಕೈಪಂಪಿನ ದನಿ.

“ಯಾವ ಓಣೀದು?” ಎಂದು ಗಂಡನನ್ನು ಕೇಳಿದೆ.

ಅವನು ಕೂತಲ್ಲೇ ಕುಗ್ಗಿದ. “ಸುಣ್ಣದ ಓಣೀದು. ಬೋರು ಕೊರೆದಿದ್ರು, ಕಟ್ಟೀನೂ ಕಟ್ಟಿದ್ರು. ಪಂಪಿನ ದುಡ್ಡಷ್ಟ ಉಳದಿತ್ತು. ಕೂಸು ನೀಲಿ ಆಗಾಕತ್ತಿತ್ತಲ್ಲ ಇಂದೂ. ನಾ ಏನ್ ಮಾಡ್ಬೇಕಾಗಿತ್ತು?”

ನನಗೆ ಗೊತ್ತಿದ್ದರೆ ನಾನೇ ಕದ್ದುಕೊಡುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ.

ಆದರೆ ಸುಣ್ಣದ ಓಣಿ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಊರಿನಾಚೆ, ಸುಣ್ಣ ಸುಡುವ ಭಟ್ಟಿಗಳ ಪಕ್ಕ ಇರುವ ಓಣಿ. ಅಲ್ಲಿಯ ಬಾವಿಯ ನೀರು ನಾಲಿಗೆಗೆ ಇಟ್ಟರೆ ಚುರ್ ಎನ್ನುತ್ತದೆ. ಹೆಂಗಸರು ಅಲ್ಲಿಂದ ನಮ್ಮ ಓಣಿಯ ಪಂಪಿಗೆ ನಡೆದು ಬಂದು, ನಾವೆಲ್ಲ ತುಂಬಿಕೊಂಡು ಮುಗಿಯುವವರೆಗೆ ದೂರ ನಿಂತಿರುತ್ತಿದ್ದರು. ಅವರಲ್ಲಿ ಹುಲಿಗೆವ್ವ ಎಂಬವಳೊಬ್ಬಳು. ಎತ್ತರದ ಹೆಂಗಸು, ಸುಣ್ಣದ ಧೂಳು ಕೂತು ಕಣ್ಣಿನ ರೆಪ್ಪೆಯೂ ಬೆಳ್ಳಗೆ. ಹಿಂದಿನ ಬೇಸಿಗೆಯಲ್ಲಿ, ಪಂಪು ಬರಬೇಕಿದ್ದ ಬೇಸಿಗೆಯಲ್ಲಿ, ಅವಳ ಮೊಮ್ಮಗಳು ವಾಂತಿಭೇದಿಯಾಗಿ ಸತ್ತಿದ್ದಳು. ಪಂಪು ಯಾವಾಗ ಬರುತ್ತದೆಂದು ಕೇಳಿದಾಗಲೆಲ್ಲ ದಾರಿಯಲ್ಲಿದೆ ಎಂಬ ಉತ್ತರ ಅವರಿಗೆ ಸಿಗುತ್ತಿತ್ತು. ಆ ದಾರಿ ನನ್ನ ಮಗಳ ಎದೆಯೊಳಗೆ ಬಂದು ನಿಂತಿತ್ತು.

ಆಮೇಲಿನ ತಿಂಗಳುಗಳನ್ನು ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕಳೆದೆ. ತುಳಸಾ ಶಾಲೆಯಲ್ಲಿರುವ ಹೊತ್ತು ಚಿಂತೆಯಿರಲಿಲ್ಲ, ಸುತ್ತ ಬೆಂಚುಗಳಿದ್ದವು. ಶಾಲೆ ಬಿಟ್ಟ ಕೂಡಲೇ ಸೇತುವೆಯ ಮೇಲೆ ಆಡಲು ಬಿಡುತ್ತಿದ್ದೆ. ಮನೆಯಲ್ಲಿ ಅವಳಿದ್ದಷ್ಟು ಹೊತ್ತೂ ನಾನು ಏನಾದರೂ ಹಾಡುತ್ತಲೇ ಇರುತ್ತಿದ್ದೆ. ನನ್ನ ದನಿ ಗೊತ್ತಿದ್ದ ನೆರೆಹೊರೆಯವರು, ಇಂದಕ್ಕನಿಗೆ ಮಗಳು ಗುಣವಾದ ಖುಷಿಗೆ ಹುಚ್ಚು ಹಿಡಿದಿದೆ ಎಂದು ಆಡಿಕೊಂಡರು. ತುಳಸಾಗೋ ತನ್ನ ದನಿ ಬಹಳ ಇಷ್ಟ. “ಅವ್ವಾ, ನನ್ನೊಳಗ ಜೇನು ಐತಿ, ಕೇಳು” ಎಂದು ಎಲ್ಲರ ಮುಂದೆ ಎದೆ ಮುಂದೆ ಮಾಡುತ್ತಿದ್ದಳು. ಒಂದು ದಿನ ನಾನು ಅವಳ ಬಾಯಿಗೆ ಬಡಿದೆ. “ಯಾರರೆ ಕೇಳಿದ್ರ ನಿನ್ನ ಎದಿ ಸೀಳ್ತಾರ, ತಿಳೀತೇನು?” ಎಂದು ಹೇಳಿಬಿಟ್ಟೆ. ಮಗು ಅವತ್ತಿನಿಂದ ಜೇನಿನ ಸುದ್ದಿ ಎತ್ತಲಿಲ್ಲ. ಯಾರಾದರೂ ಹತ್ತಿರ ಬಂದರೆ ಎದೆಗೆ ಕೈ ಅಡ್ಡ ಇಡುವುದು ಕಲಿಯಿತು.

ಆಲಿಕೆ ಹತ್ತಿರ ಬಂತು. ನನ್ನ ಉಪಾಯ ಒಲೆಯದ್ದು. ಊರಿನ ಪ್ರತಿ ಮನೆಗೂ ಯೋಜನೆಯಿಂದ ಹೊಗೆಯಿಲ್ಲದ ಒಲೆ ಕೊಟ್ಟಿದ್ದಾರೆ, ಹಾಗಾಗಿ ಪ್ರತಿ ಅಡಿಗೆ ಮನೆಯಲ್ಲೂ ನ್ಯಾಯವಾದ ಗುನುಗು ಇದ್ದೇ ಇದೆ. ತುಳಸಾಳನ್ನು ಆ ಒಲೆಗೆ ಬೆನ್ನು ಹಚ್ಚಿ ಕೂರಿಸಿದರೆ ಎರಡೂ ದನಿ ಬೆರೆಯುತ್ತವೆ. ಅವಳನ್ನು ಹಾಗೆ ಕೂರಿಸಿ, ಬಾಗಿಲಿನಿಂದ, ಪಡಸಾಲೆಯಿಂದ, ಎರಡು ಮಾರು ದೂರದಿಂದ, ಎಲ್ಲ ಕಡೆಯಿಂದ ಕೇಳಿ ನೋಡಿದೆ. ಊರಿನ ಅತಿ ಚುರುಕು ಕಿವಿಯಾದ ನನಗೇ ಬೇರೆ ಮಾಡಲಾಗಲಿಲ್ಲ. ಕೈಯಲ್ಲಿ ಬೆಲ್ಲದ ಚೂರು ಕೊಟ್ಟಿದ್ದೆ, ಮಗು ನಗುತ್ತಾ ಕೂತಿತ್ತು. ಸಾಕು ಎಂದುಕೊಂಡೆ. ನಗುವ ಎದೆ ಮೆಲ್ಲಗೆ ಬಡಿಯುತ್ತದೆ, ಹೆದರಿದ ಎದೆ ಜೋರಾಗಿ ಬಡಿಯುತ್ತದೆ ಎಂಬ ಇಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ಆ ವರ್ಷ ಮಗಳ ಆರೈಕೆಯ ನೆಪ ಹೇಳಿ ಆಲಿಸುವ ಕೆಲಸದಿಂದ ತಪ್ಪಿಸಿಕೊಂಡಿದ್ದೆ. ಚೀಟಿಯಲ್ಲಿ ನಮ್ಮ ಓಣಿ ಬಂದದ್ದು ಹುಲಿಗೆವ್ವನಿಗೆ.

ಆ ದಿನದ ಮೌನದಲ್ಲಿ ಅವರ ಹೆಜ್ಜೆ ಓಣಿಯ ಮೂಲೆಯಿಂದಲೇ ಕೇಳುತ್ತಿತ್ತು. ಮುಂದೆ ಹುಲಿಗೆವ್ವ ಬರಿಗಾಲಲ್ಲಿ, ಹಿಂದೆ ಸಾಹೇಬರು ಬಟ್ಟೆಯ ಚಪ್ಪಲಿಯಲ್ಲಿ. ಪಟ್ಟೇದ ಎಂದು ಅವರ ಹೆಸರು. ಯಾರ ಮೇಲೂ ದನಿ ಏರಿಸದ, ಬಾಗಿಲಲ್ಲಿ ಬಗ್ಗಿ ಕೈ ಮುಗಿದೇ ಒಳಗೆ ಬರುವ ಮನುಷ್ಯ. ಹುಲಿಗೆವ್ವ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ನಿಂತಳು. ನಾನು ಕಂಬಕ್ಕೆ ಅಂಟಿಕೊಂಡಿದ್ದೆ, ಅಡಿವೆಪ್ಪ ನೆಲ ನೋಡುತ್ತಿದ್ದ. ಅಡಿಗೆ ಮನೆಯಿಂದ ಒಲೆಯ ಸಣ್ಣ ದನಿ ಬರುತ್ತಿತ್ತು. ಹುಲಿಗೆವ್ವ ತಲೆಯಾಡಿಸಿ ಹೊರಡಲು ತಿರುಗಿದಳು. ಅಷ್ಟರಲ್ಲಿ ಬಾಗಿಲ ಸಂದಿನಿಂದ ಬಿಳಿ ರೆಪ್ಪೆಯ ಆ ಮುಖ ತುಳಸಾಗೆ ಕಂಡಿರಬೇಕು. ಗುಂಯ್, ಕುಟ್. ಗುಂಯ್, ಕುಟ್. ದನಿ ಏರುತ್ತಾ ಹೋಯಿತು, ಬೇಗ ಬೇಗ, ಯಾರೋ ಅವಸರದಲ್ಲಿ ನೀರು ಹೊಡೆಯುತ್ತಿರುವ ಹಾಗೆ. ಬೇರೆಯವರ ಪಂಪಿನ ಮುಂದೆ ಇಷ್ಟು ವರ್ಷ ಕಾದು ನಿಂತ ಹೆಂಗಸಿಗೆ ಆ ದನಿಯ ಗುರುತು ಹೇಳಿಕೊಡಬೇಕೇ?

ಅವಳು ಒಳಗೆ ಹೋಗಿ ಮಗುವಿನ ಮುಂದೆ ಮಂಡಿಯೂರಿದಳು. ತುಳಸಾ ಎದೆಗೆ ಎರಡೂ ಕೈ ಅಡ್ಡ ಇಟ್ಟುಕೊಂಡಿದ್ದಳು. ಹುಲಿಗೆವ್ವ ಆ ಕೈಗಳನ್ನು ಮೆಲ್ಲಗೆ ಸರಿಸಿ ಬಹಳ ಹೊತ್ತು ಕಿವಿ ಇಟ್ಟು ಕೇಳಿದಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದಿದ್ದೆ. ಬರಲಿಲ್ಲ. ಬಾಯಾರಿದವರು ನೀರಿನ ಸಪ್ಪಳ ಕೇಳುವ ಹಾಗೆ ಕೇಳಿದಳು. ಆಮೇಲೆ ಸೊಂಟದ ಸಂಚಿಯಿಂದ ಸುಣ್ಣ ತೆಗೆದು ಮಗುವಿನ ಅಂಗಿಯ ಮೇಲೆ, ಎದೆಯ ಜಾಗದಲ್ಲಿ, ಒಂದು ಬೊಟ್ಟು ಇಟ್ಟಳು. ಇರಬಾರದ ಕಡೆ ಸಿಕ್ಕ ವಸ್ತುವಿಗೆ ಆಲಿಸುವವರು ಇಡುವ ಗುರುತು ಅದು. ರಾಚಪ್ಪನ ಗಲ್ಲಕ್ಕೆ ನಾನೂ ಅದನ್ನೇ ಇಟ್ಟಿದ್ದೆ. ಕಿರುಚಬೇಕೆಂದರೆ ಕಿರುಚಲೂ ಬರುವಂತಿರಲಿಲ್ಲ, ಆಲಿಕೆ ಇನ್ನೂ ಮುಗಿದಿರಲಿಲ್ಲ.

ಮಧ್ಯಾಹ್ನ ಶಾಲೆಯ ಮುಂದೆ ಸಭೆ ಸೇರಿತು. ಬಾಯಿಯ ಬೀಗ ತೆಗೆದ ಕೂಡಲೇ ಊರು ಒಟ್ಟಿಗೇ ಮಾತಾಡತೊಡಗಿತು. ಪಟ್ಟೇದ ಸಾಹೇಬರು ಕೈ ಎತ್ತಿ ಸುಮ್ಮನಿರಿಸಿದರು.

“ಸುಣ್ಣದ ಓಣಿಯ ಪಂಪು ಪತ್ತೆಯಾಗಿದೆ, ಸಂತೋಷ” ಎಂದರು. “ಈಗ ಅದು ಸೇರಬೇಕಾದಲ್ಲಿಗೆ ಸೇರಬೇಕು. ಬಿಚ್ಚಿ ತೆಗೆಯಲು ಬರುತ್ತದೆಯೇ?”

ಆಸ್ಪತ್ರೆಯ ಕಂಪೌಂಡರ್ ಬೆವರು ಒರೆಸಿಕೊಂಡ. “ತೆಗೆದ್ರ ಕೂಸು ಉಳಿಯಂಗಿಲ್ರಿ.”

“ನನ್ನ ಹಲ್ಲು ಕೀಳೂವಾಗ ನೋವಾಕ್ಕೈತೇನಪಾ ಅಂತ ಯಾರರೆ ಕೇಳಿದ್ರೇನು?” ಎಂದು ರಾಚಪ್ಪ ಹಿಂದಿನಿಂದ ಕೂಗಿದ. “ನಿಯಮ ಅಂದ ಮ್ಯಾಲ ಎಲ್ಲಾರಿಗೂ ಒಂದ ಇರಬೇಕು.”

ಹೌದು ಹೌದು ಎಂದು ಕೆಲವರು ಗೊಣಗಿದರು. ಯಾರು ಯಾರು ಎಂದು ನೋಡಲು ನನಗೆ ಧೈರ್ಯವಾಗಲಿಲ್ಲ. ತುಳಸಾ ನನ್ನ ಸೆರಗಿನೊಳಗೆ ನುಗ್ಗಿ ಗುನುಗುತ್ತಿದ್ದಳು, ಆ ದನಿ ನನ್ನ ಎಲುಬಿನೊಳಗೆ ಇಳಿಯುತ್ತಿತ್ತು. ಎದುರಿನ ಸಾಲಿನಲ್ಲಿ ಕಮ್ಮಾರ ಕೂತಿದ್ದ. ಅವನ ಕೈ ಬರಿದಾಗಿತ್ತು, ಆದರೂ ನಾನು ಆ ಕೈಯನ್ನೇ ನೋಡುತ್ತಿದ್ದೆ. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಆಗ ಹುಲಿಗೆವ್ವ ಎದ್ದು ನಿಂತಳು. “ತೆಗೀಬ್ಯಾಡ್ರಿ ಸಾಹೇಬ್ರ. ಇಡೀದ ಕೊಡ್ರಿ. ನಮ್ಮ ಕಟ್ಟೀ ಮ್ಯಾಲ ಇಡತೇವಿ.”

ಸಾಹೇಬರ ಮುಖ ಹಗುರಾಯಿತು. ಅವರಿಗೂ ರಕ್ತ ಬೇಕಿರಲಿಲ್ಲ, ಕೆಲಸ ಪೂರ್ತಿಯಾಗಬೇಕಿತ್ತು. “ಹಾಗೇ ಆಗಲಿ. ಆದರೆ ತಾಯಿ, ಇಟ್ಟರೆ ಸಾಲದು, ಉಪಯೋಗಕ್ಕೂ ಬರಬೇಕು. ಬೇಸಿಗೆ ಮುಗಿಯುವಷ್ಟರಲ್ಲಿ ಮತ್ತೆ ಬರುತ್ತೇನೆ. ಕೆಲಸ ಮಾಡದ ಪಂಪನ್ನು ಬಿಚ್ಚಿ ಉಗ್ರಾಣಕ್ಕೆ ಒಯ್ಯುವುದು ನಿಯಮ, ಅದರ ಬದಲಿಗೆ ಹೊಸದು ಬರುತ್ತದೆ.” ಉಗ್ರಾಣದ ಬೀಗದ ಕೈ ನನ್ನ ಗಂಡನ ಉಡಿದಾರದಲ್ಲೇ ತೂಗುತ್ತಿತ್ತು. ಅವನ ಕೆಲಸವನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಹೀಗೆ ನನ್ನ ಮಗಳು ಸುಣ್ಣದ ಓಣಿಯ ಪಂಪಾದಳು. ಮುಂಜಾನೆ ನಾನೇ ಅವಳಿಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಓಣಿಯ ನಡುವಿನ ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿ ಬರಬೇಕು, ಕತ್ತಲಾಗುವ ಮುಂಚೆ ಕರೆದುಕೊಂಡು ಹೋಗಬಹುದು. ಕತ್ತಲಾದ ಮೇಲೆ ಯಾರೂ ನೀರಿಗೆ ಬರುವುದಿಲ್ಲವಲ್ಲ ಎಂದು ಓಣಿಯವರು ಒಪ್ಪಿದ್ದರು. ಮೊದಲ ದಿನ ಹೆಂಗಸರು ಕೊಡಗಳನ್ನು ತಂದು ಕಟ್ಟೆಯ ಸುತ್ತ ಇಟ್ಟರು. ಯಾರೋ ಒಬ್ಬಳು ತಮಾಷೆಗೆ ತುಳಸಾಳ ಕೈ ಹಿಡಿದು ಮೇಲೆ ಕೆಳಗೆ ಆಡಿಸಿದಳು. ತುಳಸಾ ಕಿಲಕಿಲ ನಕ್ಕಳು. ಸಂಜೆ ಹೋದಾಗ ಕೊಡಗಳು ಒಣಗಿಕೊಂಡು ಹಾಗೇ ಇದ್ದವು. ಹುಲಿಗೆವ್ವ ಕೊಡಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನಗೆ ಎಲ್ಲ ತಿಳಿಯಿತು.

ಮರುದಿನದಿಂದ ನಾನು ನೀರು ಹೊತ್ತೆ. ನಮ್ಮ ಓಣಿಯ ಪಂಪಿನಿಂದ ಸೇತುವೆ ದಾಟಿ, ಭಟ್ಟಿಗಳನ್ನು ಸುತ್ತಿಕೊಂಡು ಸುಣ್ಣದ ಓಣಿಯವರೆಗೆ, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ಕಟ್ಟೆಯ ಹತ್ತಿರದ ಕೊಡಗಳಿಗೆ ಸುರಿದು ಮತ್ತೆ ಓಡಿ ಹೋಗಿ ತರುತ್ತಿದ್ದೆ. ಉಗ್ರಾಣ ಮುಚ್ಚಿದ ಮೇಲೆ ಅಡಿವೆಪ್ಪನೂ ಕಾವಡಿಯಲ್ಲಿ ಹೊರುತ್ತಿದ್ದ. ಓಣಿಯ ಹೆಂಗಸರು ಕಂಡೂ ಕಾಣದವರ ಹಾಗೆ ಇದ್ದು, ನಾನು ಅತ್ತ ಹೋದ ಮೇಲೆ ಬಂದು, ಕಟ್ಟೆಯ ಮುಂದೆ ಸಾಲಾಗಿ ನಿಂತು, ತಮ್ಮ ತಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಸಾಲಿನಲ್ಲಿ ಜಗಳವೂ ಆಗುತ್ತಿತ್ತು. ಕೊಡ ಎತ್ತುವ ಮುಂಚೆ ಕೆಲವರು ಮಗಳ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನೂ ನೋಡಿದೆ. ಊರು ಕೂಡ ಹೊಂದಿಕೊಂಡಿತು. ಪಂಪಿಗೆ ಹಾಜರಿ ಹಾಕಲು ಬರುವುದಿಲ್ಲವೆಂದು ಮಾಸ್ತರರು ಶಾಲೆಯಲ್ಲಿ ಅವಳ ಹೆಸರು ಹೊಡೆದುಹಾಕಿದರು. ನಾನು ನೀರು ತುಂಬುವಾಗ ನಮ್ಮ ಓಣಿಯವರು ಸರಿದು ದಾರಿ ಬಿಡುತ್ತಿದ್ದರು, ಯಾರೂ ಮುಖ ನೋಡುತ್ತಿರಲಿಲ್ಲ.

ತುಳಸಾ ಮಾತ್ರ ಖುಷಿಯಾಗಿದ್ದಳು. ಅಲ್ಲಿ ಎದೆಗೆ ಕೈ ಅಡ್ಡ ಇಡಬೇಕಾಗಿರಲಿಲ್ಲ. ಜೇನಿನ ಸುದ್ದಿ ಮತ್ತೆ ಹೇಳತೊಡಗಿದಳು, ಓಣಿಯವರು ಸಾಲುಗಟ್ಟಿ ಕೇಳಿದರು. ಹುಲಿಗೆವ್ವ ಅವಳ ತಲೆಗೆ ಬಿಸಿಲು ಬೀಳದಂತೆ ತೆಂಗಿನ ಗರಿಯ ಚಪ್ಪರ ಹಾಕಿಸಿದಳು, ಬಾಯಿಗೆ ರೊಟ್ಟಿ ಮುರಿದು ಇಡುತ್ತಿದ್ದಳು. ಮಗಳು ಅವಳನ್ನು ಸ್ವಂತ ಅಜ್ಜಿಯ ಹಾಗೆ ಆಯಿ ಎಂದು ಕರೆಯುವುದು ಕೇಳಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಬೇಸಿಗೆ ಬಲಿಯುತ್ತಿತ್ತು. ನಮ್ಮ ಓಣಿಯ ಪಂಪಿನಲ್ಲೂ ನೀರು ಎಳೆ ಎಳೆಯಾಗಿ ಬರುತ್ತಿತ್ತು, ಒಂದು ಕೊಡ ತುಂಬಲು ತೋಳು ಬಿದ್ದುಹೋಗುತ್ತಿತ್ತು. ಕೊಡ ಅರ್ಧ ತುಂಬಿದ ದಿನ ಸುಣ್ಣದ ಓಣಿಯ ಹೆಂಗಸರು ತಮ್ಮತಮ್ಮಲ್ಲೇ, ಪಂಪು ಈಗೀಗ ಸರಿ ನಡೀವಲ್ದು ಎಂದು ಆಡಿಕೊಳ್ಳುವುದು ನನ್ನ ಕಿವಿಗೆ ಬೀಳುತ್ತಿತ್ತು. ಆ ಮಾತು ಬಿದ್ದ ದಿನ ಅನ್ನ ಇಳಿಯುತ್ತಿರಲಿಲ್ಲ.

ಸಾಹೇಬರು ನಾಳೆ ಬರುತ್ತಾರೆ ಎನ್ನುವಾಗ ನಾನು ಹುಲಿಗೆವ್ವನ ಮನೆಗೆ ಹೋದೆ. ಅವಳು ಭಟ್ಟಿಯಿಂದ ಆಗಷ್ಟೇ ಬಂದು ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು.

“ನಾಳೆ ಏನ್ ಹೇಳ್ತೀ?” ಎಂದೆ.

“ನೀನ ಹೇಳು, ಏನ್ ಹೇಳ್ಲಿ?” ಎಂದಳು. “ನಾ ಹೌದಂದ್ರ ಸುಣ್ಣದ ಓಣಿಗೆ ನೀರು ಬಂತು ಅಂತ ಬರಕೊಂಡು ಹೋಗ್ತಾರ. ಆಮ್ಯಾಲ ಖರೇ ಪಂಪು ನಮಗ ಜೀವ ಇರೂತನಾ ಬರಂಗಿಲ್ಲ. ಇಲ್ಲಂದ್ರ ಹೊಸಾದು ಬರತೈತಿ.”

“ಇಲ್ಲಂದ್ರ ನನ್ನ ಮಗಳು...”

“ಗೊತ್ತೈತಿ.” ಅವಳು ಭಟ್ಟಿಯ ಕಡೆ ನೋಡಿದಳು. “ನನ್ನ ಮೊಮ್ಮಗಳು ಹೋಗೂವಾಗ ಯಾರೂ ನನ್ನ ಕೇಳ್ಲಿಲ್ಲ, ಇರಲಿ ಅಂತೀಯೇನು, ಹೋಗ್ಲಿ ಅಂತೀಯೇನು ಅಂತ. ನಿನ್ನ ಮಗಳ ಸಲುವಾಗಿ ನನ್ನ ಕೇಳಾಕತ್ತಾರ. ಎಂಥಾ ನ್ಯಾಯ ನೋಡು.”

ನಾನು ಅವಳ ಕಾಲು ಹಿಡಿದೆ. ಬೇರೇನೂ ತೋಚಲಿಲ್ಲ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. “ಬ್ಯಾಡ, ಸುಣ್ಣ ಐತಿ, ಕೈ ಸುಡತಾವ” ಎಂದಳು. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಮರುದಿನ ಪಟ್ಟೇದ ಸಾಹೇಬರು ಬಿಸಿಲೇರುವ ಮುಂಚೆ ಬಂದರು. ಹೊರಗಿನವರು ಕಟ್ಟೆಯ ಹತ್ತಿರ ಹೋಗಬಾರದೆಂದು ನನ್ನನ್ನು ಓಣಿಯ ಬಾಯಿಯಲ್ಲೇ ನಿಲ್ಲಿಸಿದ್ದರು. ನಾನು ನಸುಕಿನಲ್ಲೇ ತುಂಬಿಸಿದ್ದ ಕೊಡಗಳು ಕಟ್ಟೆಯ ಸುತ್ತ ಸಾಲಾಗಿದ್ದವು. ಚಪ್ಪರದ ಕೆಳಗೆ ತುಳಸಾ ಹೊಸ ಲಂಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸಾಹೇಬರು ಒಂದು ಕೊಡದಿಂದ ನೀರು ಮೊಗೆದು ಕುಡಿದು, ಸಿಹಿಯಾಗಿದೆ ಎಂದರು. ಮಗುವಿನ ತಲೆ ಸವರಿದರು. ಗುಂಯ್, ಕುಟ್ ಎಂಬ ದನಿ ನಾನು ನಿಂತಲ್ಲಿಗೂ ಕೇಳಿಸಿತು.

“ನಾನು ಕುಡಿದರೆ ಆಗಲಿಲ್ಲ, ಓಣಿಯವರು ಹೇಳಬೇಕು” ಎಂದು ಹುಲಿಗೆವ್ವನ ಕಡೆ ತಿರುಗಿದರು. “ಏನಮ್ಮಾ, ಪಂಪು ಕೆಲಸ ಮಾಡುತ್ತಿದೆಯೇ?”

ಓಣಿಯ ಹೆಂಗಸರೆಲ್ಲ ಹುಲಿಗೆವ್ವನನ್ನು ನೋಡಿದರು. ಅವರಿಗೆ ಯಾವ ಉತ್ತರ ಬೇಕಿತ್ತೆಂದು ನನಗೆ ಗೊತ್ತಿತ್ತು. ಮುದುಕಿಯೊಬ್ಬಳು ಖಾಲಿ ಕೊಡವನ್ನು ಬೇಕೆಂದೇ ಮಗುಚಿ ಇಟ್ಟಳು. ಹುಲಿಗೆವ್ವ ಆ ಕೊಡವನ್ನು ನೋಡಿದಳು. ನಾನು ನಿಂತಲ್ಲೇ ದೇವರ ಹೆಸರುಗಳನ್ನು ಒಂದರ ಮೇಲೊಂದು ಹೇಳುತ್ತಿದ್ದೆ, ಯಾವ ದೇವರನ್ನು ಎರಡು ಸಲ ಹೇಳಿದೆನೋ, ಯಾರನ್ನು ಬಿಟ್ಟೆನೋ. ತುಳಸಾ ಕಟ್ಟೆಯ ಮೇಲಿಂದ ಬಗ್ಗಿ ಹುಲಿಗೆವ್ವನ ಸೆರಗು ಹಿಡಿದಳು.

“ಮಾಡತೈತ್ರಿ” ಎಂದಳು ಹುಲಿಗೆವ್ವ.

“ದಿನವೂ ನೀರು ಬರುತ್ತದೆಯೇ?”

“ದಿನಾ ಬರತೈತಿ.”

“ಎಷ್ಟು ಬರುತ್ತದೆ?”

ಹುಲಿಗೆವ್ವ ತಲೆಯೆತ್ತಿ, ಎಲ್ಲರ ತಲೆಯ ಮೇಲಿಂದ, ಓಣಿಯ ಬಾಯಿಯಲ್ಲಿ ನಿಂತಿದ್ದ ನನ್ನನ್ನು ನೋಡಿದಳು. “ಕೇಳಿದಷ್ಟು” ಎಂದಳು.

ಸಾಹೇಬರು ಬಹಳ ಸಂತೋಷಪಟ್ಟರು. ಸುಣ್ಣದ ಓಣಿ ಇನ್ನು ನೀರಿಲ್ಲದ ಓಣಿಗಳ ಲೆಕ್ಕದಲ್ಲಿಲ್ಲ, ಬಡತನ ಇಷ್ಟು ಕಡಿಮೆಯಾಯಿತೆಂದು ರಾಜಧಾನಿಗೆ ಹೇಳುತ್ತೇನೆ ಎಂದು ಎಲ್ಲರಿಗೂ ಕೈ ಮುಗಿದು ಹೋದರು. ಓಣಿಯಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುದುಕಿ ಮಗುಚಿಟ್ಟ ಕೊಡವನ್ನು ನೆಟ್ಟಗೆ ಮಾಡಿ ಕಟ್ಟೆಯ ಹತ್ತಿರಕ್ಕೆ ದೂಡಿದಳು. ನನಗೆ ಅಳು ಉಕ್ಕಿ ಬಂತು. ಮಗಳು ಉಳಿದಳು ಎಂಬುದೊಂದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಅವತ್ತು ಇಡೀ ದಿನ ಒಂದು ಕೊಡವನ್ನೂ ತುಳುಕಿಸದೆ ಹೊತ್ತೆ.

ಹೊತ್ತು ಮುಳುಗುವಾಗ ಎಂದಿನಂತೆ ಮಗಳನ್ನು ಕರೆದೊಯ್ಯಲು ಹೋದೆ. ಕಟ್ಟೆ ಖಾಲಿಯಿತ್ತು. ಹುಲಿಗೆವ್ವನ ಬಾಗಿಲ ಮುಂದೆ ಓಣಿಯ ಹೆಂಗಸರು ಗುಂಪಾಗಿ ನಿಂತಿದ್ದರು. ಹುಲಿಗೆವ್ವ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ಅವಳ ಹಿಂದೆ ಕತ್ತಲೆಯಲ್ಲಿ ಗುಂಯ್ ಎನ್ನುತ್ತಿತ್ತು.

“ಕೂಸನ್ನ ಕಳಸು, ಹೊತ್ತಾತು” ಎಂದೆ.

“ಪಂಪನ್ನ ಸಂಜಿಗೆ ಯಾರ್ ಮನೀಗೆ ಒಯ್ತಾರ, ಇಂದಕ್ಕಾ?” ಎಂದಳು. ಅವಳ ದನಿಯಲ್ಲಿ ಹಗೆಯಿರಲಿಲ್ಲ. “ಖರೇ ಪಂಪನ್ನ ನಾ ಇವತ್ತ ನನ್ನ ಬಾಯಿಂದ ಕಳಕೊಂಡೆ. ಇವ್ರೆಲ್ಲಾ ನನ್ನ ಬೈಯಾಕತ್ತಾರ. ನಮ್ಮ ಓಣಿಗೆ ಇರೂದು ಇನ್ನ ಇದೊಂದ. ನೀ ರಾತ್ರಿ ಒಯ್ದು, ಗಂಡನ್ನ ಕರಕೊಂಡು ಊರು ಬಿಟ್ರ? ನಮಗ ನೀರು ಯಾರು ತರ್ತಾರ?”

ಊರು ಬಿಡುವ ಯೋಚನೆ ಅಲ್ಲಿಯವರೆಗೆ ನನಗೆ ಬಂದೇ ಇರಲಿಲ್ಲ. ಅವಳಿಗೆ ಬಂದಿತ್ತು. ಕೂಗಾಡಬಹುದಿತ್ತು, ಅವಳನ್ನು ದೂಡಿ ಒಳಗೆ ನುಗ್ಗಬಹುದಿತ್ತು. ಆದರೆ ಬೆಳಿಗ್ಗೆ ಹೌದು ಎಂದ ಬಾಯಿ ಮುಂದಿನ ಸಲ ಇಲ್ಲ ಎನ್ನಬಹುದು, ಪಂಪು ಕೆಟ್ಟಿದೆ ಎನ್ನಲು ಓಣಿಯ ಯಾವ ಹೆಂಗಸಿನ ಬಾಯಿಯೂ ಸಾಕು. ಅವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೂ ಭಯ, ನನಗೂ ಭಯ.

“ಅವ್ವಾ” ಎಂದು ತುಳಸಾ ಒಳಗಿನಿಂದ ಕರೆದಳು. “ಅವ್ವಾ, ಮನೀಗೆ ಹೋಗೂಣು.” ಅವಳ ಎದೆ ಜೋರಾಗಿ ಬಡಿಯತೊಡಗಿದ್ದು ಹೊರಗೆ ಎಲ್ಲರಿಗೂ ಕೇಳಿಸಿತು. ಮುದುಕಿ ಖಾಲಿ ಕೊಡವೊಂದನ್ನು ತಂದು ನನ್ನ ಕಾಲ ಹತ್ತಿರ ಇಟ್ಟಳು. ನಾನು ಆ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ನೀರಿಗೆ ಹೋದೆ.